ತಿರುಗಾಲಿ ಕಂಡ ಪುಟ

"ಹುಡುಕಿದ್ರೆ ಸಿಗಲ್ಲ ಅಂದ ಮಾತ್ರಕ್ಕೆ ಇರ್ಲೇ ಇಲ್ಲ ಅಂತಲ್ಲ ಮೇಡಂ," ಎಂದು, ಎಲ್ಲರೂ ಪಾಸ್‌ವರ್ಡ್ ಎಂದು ಕರೆಯುವ ಕಂಪನಿಯವನು ತನ್ನ ಕುರ್ಚಿಯನ್ನು ಅರ್ಧ ಸುತ್ತು ತಿರುಗಿಸಿದ. "ಎಚ್ಚರಿಕೆ ಹತ್ತನೇ ತಾರೀಖಿನಿಂದ ಅಲ್ಲೇ ಇದೆ. ಬೇಕಾದ್ರೆ ಈಗ್ಲೇ ನೋಡ್ಕೊಳ್ಳಿ."

ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಲಿಫ್ಟ್ ಕಂಪನಿಯ ಪುಟ ತೆರೆದಿತ್ತು. ಕೆಂಪು ಚೌಕದೊಳಗೆ ದಪ್ಪ ಅಕ್ಷರ: ಈ ಬ್ರೇಕ್ ಇರುವ ಲಿಫ್ಟನ್ನು, ಬ್ರೇಕ್ ಬದಲಿಸುವ ತನಕ ಓಡಿಸಬಾರದು. ಅದರ ಕೆಳಗೆ ತಾರೀಖು, ಹತ್ತು.

ಟೈಲರ್ ಅಕ್ಕ ಆ ಚೌಕವನ್ನೇ ನೋಡುತ್ತ ಕುಳಿತಿದ್ದಳು. ಪಕ್ಕದ ಕುರ್ಚಿಯಲ್ಲಿ ಅವಳ ತಮ್ಮ, ಅದೇ ಕಂಪನಿಯ ಮೆಕ್ಯಾನಿಕ್. ಉಗುರ ಸಂದಿಯ ಗ್ರೀಸನ್ನು ಇನ್ನೊಂದು ಉಗುರಿನಿಂದ ಕೆರೆಯುತ್ತಿದ್ದ. ಅದು ಹೋಗುವ ಗ್ರೀಸಲ್ಲ ಎಂದು ಅವನಿಗೂ ಗೊತ್ತು. ಬಾಗಿಲ ಆಚೆ ಪೊಲೀಸಿನವನೊಬ್ಬ ಬಸ್ಸಿಗೆ ಕಾಯುವವನ ಹಾಗೆ ಗೋಡೆಗೆ ಒರಗಿ ನಿಂತಿದ್ದ.

ಹದಿನೆಂಟರ ಬೆಳಿಗ್ಗೆ ತಮ್ಮ ಚಾಲೂ ಮಾಡಿದ ಲಿಫ್ಟು ಮೇಲಿನ ಮಹಡಿಯಿಂದ ಬಿದ್ದು, ಒಳಗಿದ್ದ ಕಾವಲುಗಾರ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ತೆರೆದಿಲ್ಲ ಎಂಬಲ್ಲಿಗೆ ಕಥೆ ಬಂದು ನಿಂತಿತ್ತಷ್ಟೆ.

ತಮ್ಮ ಮೊದಲಿನಿಂದ ಹೇಳಿದ್ದು ಒಂದೇ ಮಾತು. ಎಚ್ಚರಿಕೆ ಬಂದದ್ದು ನಿಜ. ಬಂದ ದಿನವೇ ಲಿಫ್ಟ್ ನಿಲ್ಲಿಸಿದ್ದೂ ನಿಜ. ಆದರೆ ಹದಿನೇಳರಂದು ಪುಟ ತೆರೆದರೆ ಎಚ್ಚರಿಕೆ ಇರಲಿಲ್ಲ. ಆಫೀಸಿನವರೇ ಪರೀಕ್ಷೆ ಮಾಡಿಸಿ ತೆಗೆದಿರಬೇಕು ಅಂದುಕೊಂಡು ಮರುದಿನ ಚಾಲೂ ಮಾಡಿದ.

ಕಂಪನಿಯದೂ ಒಂದೇ ಮಾತು. ಎಚ್ಚರಿಕೆ ಒಂದು ಗಳಿಗೆಯೂ ಎಲ್ಲಿಗೂ ಹೋಗಿರಲಿಲ್ಲ. ಮೆಕ್ಯಾನಿಕ್ ಸುಳ್ಳು ಹೇಳುತ್ತಿದ್ದಾನೆ.

ಯಾರ ಮಾತು ನಿಜ ಎಂದು ವಿಚಾರಣೆಯ ಅಧಿಕಾರಿ ಇವತ್ತು ಮಧ್ಯಾಹ್ನದೊಳಗೆ ತೀರ್ಮಾನಿಸಬೇಕು. ಕಂಪನಿಯದು ನಿಜ ಅಂದರೆ ತಮ್ಮ ಈ ಕೋಣೆಯಿಂದ ನೇರವಾಗಿ ಲಾಕಪ್ಪಿಗೆ. ಹೊರಗೆ ನಿಂತವನು ಕಾಯುತ್ತಿದ್ದ ಬಸ್ಸು ಅದೇ.

"ಅಮ್ಮಾ, ನೀವು ಈ ಸರ್ಚು ಗಿರ್ಚು ಅಂತ ಯಾಕೆ ಹಿಡ್ಕೊಂಡಿದ್ದೀರೋ ನಂಗೆ ಅರ್ಥ ಆಗ್ತಿಲ್ಲ," ಎಂದರು ಅಧಿಕಾರಿ, ಕನ್ನಡಕ ತೆಗೆದು ಕಣ್ಣು ಉಜ್ಜಿಕೊಳ್ಳುತ್ತ. "ಪುಟ ಕಣ್ಣೆದುರಿಗಿದೆ. ತಾರೀಖೂ ಇದೆ."

ಅವರು ಕೇಳಿದ್ದು ದುರ್ಬೀನಮ್ಮನನ್ನು. ವಿಮಾ ಕಂಪನಿಯ ಪರವಾಗಿ ಸುಟ್ಟ ಗೋದಾಮು, ಮುಳುಗಿದ ದೋಣಿ ಪರೀಕ್ಷೆ ಮಾಡುತ್ತಲೇ ತಲೆ ನರೆಸಿಕೊಂಡ ಹೆಂಗಸು. ಈಗ ಯಾರಾದರೂ ಅಳುತ್ತ ಮನೆ ಬಾಗಿಲಿಗೆ ಬಂದರೆ ಅವರ ಕೇಸು ಹಿಡಿಯುತ್ತಾರೆ. ಅಕ್ಕ ಅತ್ತಿರಲಿಲ್ಲ. ಅದಕ್ಕೇ ಹಿಡಿದೆ ಎಂದು ಅವರೇ ಒಮ್ಮೆ ಹೇಳಿದ್ದರು.

"ಕಣ್ಣೆದುರಿಗಿರೋದು ಇವತ್ತಿನ ಪುಟ ಸಾರ್. ನಂಗೆ ಬೇಕಾಗಿರೋದು ಹದಿನೇಳರ ಪುಟ," ಎಂದರು ದುರ್ಬೀನಮ್ಮ. "ಅದನ್ನ ನಮ್ಮ ಪೈಕಿ ಯಾರೂ ನೋಡಿಟ್ಕೊಂಡಿಲ್ಲ. ನೋಡಿಟ್ಕೊಂಡವನು ಒಬ್ಬನಿದ್ದಾನೆ. ಅವನಿಗೆ ಈ ಕಡೆಯವರೂ ಬೇಕಿಲ್ಲ, ಆ ಕಡೆಯವರೂ ಬೇಕಿಲ್ಲ."

"ಯಾರಪ್ಪಾ ಅದು?"

"ಇವರು ಕ್ರಾಲರ್ ಅಂತಾರೆ. ನಾನು ತಿರುಗಾಲಿ ಅಂತ ಹೆಸರಿಟ್ಟಿದ್ದೀನಿ. ಸರ್ಚ್ ಎಂಜಿನ್‌ನೋರು ಕಳಿಸೋ ಯಂತ್ರದ ಆಳು. ಲೋಕದಲ್ಲಿರೋ ಸೈಟ್‌ಗಳ ಬಾಗಿಲು ಬಾಗಿಲಿಗೂ ಹೋಗಿ, ಒಳಗೆ ಏನಿದೆ ಅಂತ ಓದ್ಕೊಂಡು ಹೋಗಿ ಒಪ್ಪಿಸ್ತಾನೆ. ನಾವು ಏನಾದ್ರೂ ಹುಡುಕಿದಾಗ ಸಿಗೋದು ಅವನು ಒಪ್ಪಿಸಿದ್ದೇ."

ಪಾಸ್‌ವರ್ಡ್ ನಕ್ಕ. ಕಂಪನಿಯ ವೆಬ್‌ಸೈಟ್ ನೋಡಿಕೊಳ್ಳುವವನು ಅವನು. ಏನು ಕೇಳಿದರೂ ಮೊದಲು ಪಾಸ್‌ವರ್ಡ್ ಹೇಳಿ ಎನ್ನುತ್ತಿದ್ದುದರಿಂದ ಮೆಕ್ಯಾನಿಕ್ಕುಗಳು ಅವನಿಗೆ ಆ ಹೆಸರು ಅಂಟಿಸಿದ್ದರು. "ಸಾರ್, ಅದನ್ನೇ ನಾನು ಹೇಳ್ತಿರೋದು. ನಮ್ಮ ಪುಟ ಸಾದಾ ಪುಟ ಅಲ್ಲ. ಕೇಳಿದೋರಿಗೆ ನಮ್ಮ ಸರ್ವರ್ ಕೊಡೋದು ಬರೀ ಖಾಲಿ ಚೌಕಟ್ಟು. ಜೊತೆಗೆ ಜಾವಾಸ್ಕ್ರಿಪ್ಟ್ ಅಂತ ಒಂದು ಸಣ್ಣ ಪ್ರೋಗ್ರಾಂ. ಅದು ನಿಮ್ಮ ಕಂಪ್ಯೂಟರಲ್ಲಿ ಓಡಿ, ನಮ್ಮ ಮಾಹಿತಿಯ ಉಗ್ರಾಣದಿಂದ ಎಚ್ಚರಿಕೆಗಳನ್ನ ತಂದು ಚೌಕಟ್ಟು ತುಂಬುತ್ತೆ. ಕ್ರಾಲರ್ ಚೌಕಟ್ಟು ನೋಡಿ ಹೋಗಿಬಿಡುತ್ತೆ. ಹಾಗಾಗಿ ಸರ್ಚಲ್ಲಿ ನಮ್ಮ ಎಚ್ಚರಿಕೆ ಸಿಗ್ಲಿಲ್ಲ. ಇಷ್ಟೇ ಕಥೆ."

ಅಧಿಕಾರಿ ತಲೆದೂಗಿದರು. ಮಾತು ಪೂರ್ತಿ ತಿಳಿಯದಿದ್ದರೂ ಒಂದು ವಿಷಯ ಅಕ್ಕನ ತಲೆಗೆ ಹತ್ತಿತು. ಕತ್ತರಿಸಿಟ್ಟ ಬಟ್ಟೆಯ ತುಂಡು ನೋಡಿದವನು ಅದು ಕುಪ್ಪಸವೋ ಅಂಗಿಯೋ ಹೇಳಲಾರ. ಹೊಲಿದ ಮೇಲೆ ತಾನೆ ಗೊತ್ತಾಗುವುದು. ಇವನು ಹೇಳುವುದು ಸರಿಯಾಗಿಯೇ ಇದೆಯಲ್ಲ!

"ದುರ್ಬೀನಮ್ಮಾ..." ಎಂದಳು ಮೆಲ್ಲಗೆ.

"ಸುಮ್ನಿರಿ ಅಕ್ಕ." ದುರ್ಬೀನಮ್ಮ ಅವಳ ಕಡೆ ತಿರುಗಲಿಲ್ಲ. "ಇವರು ಹೇಳಿದ್ರಲ್ಲಿ ಅರ್ಧ ಅಪ್ಪಟ ನಿಜ ಸಾರ್. ನಮ್ಮ ಸೊಸೆ ಇದೇ ಕಸುಬಿನೋಳು. ನಿನ್ನೆ ಇಡೀ ದಿನ ಅವಳ ತಲೆ ತಿಂದಿದ್ದೀನಿ. ಮಗ ಊಟಕ್ಕೆ ಕೂತ್ರೂ ಎದ್ದು ಬಡಿಸೋಕೆ ಬಿಡ್ಲಿಲ್ಲ ಅಂತ ಇಬ್ರೂ ನನ್ನ ಮೇಲೆ ಮುನಿಸ್ಕೊಂಡಿದ್ದಾರೆ. ಒಂದು ನಿಮಿಷ ನಿಮ್ಮ ಕಂಪ್ಯೂಟರ್ ಕೊಡ್ತೀರಾ?"

"ನಂದೇ ಯಾಕೆ?"

"ನಂದರಲ್ಲಿ ತೋರಿಸಿದ್ರೆ ನಾನೇ ತಿದ್ದಿದೆ ಅಂತಾರೆ. ಇವರದರಲ್ಲಿ ತೋರಿಸಿದ್ರೆ ನಾನು ಅಂತೀನಿ."

ಅಧಿಕಾರಿಗೆ ನಗು ಬಂತು. ಲ್ಯಾಪ್‌ಟಾಪನ್ನು ಅವರ ಕಡೆ ನೂಕಿದರು.

ದುರ್ಬೀನಮ್ಮ ಒಂದೇ ಬೆರಳಿನಿಂದ ಅಲ್ಲಿ ಇಲ್ಲಿ ಒತ್ತಿದರು. ಒಂದು ಸಲ ತಪ್ಪು ಜಾಗ ತೆರೆಯಿತು. ಇನ್ನೊಂದು ಸಲ ಪುಟವೇ ಮುಚ್ಚಿಹೋಯಿತು. ಪಾಸ್‌ವರ್ಡ್ ಕೆಮ್ಮಿದ. ಅಕ್ಕ ಸೆರಗಿನ ಅಂಚನ್ನು ಮಡಿಸುತ್ತ ಬಿಚ್ಚುತ್ತ ಕುಳಿತಳು.

"ಹಾಂ, ಸಿಕ್ತು. ಜಾವಾಸ್ಕ್ರಿಪ್ಟ್ ಓಡಕೂಡದು ಅಂತ ಕಟ್ಟಿಹಾಕಿದ್ದೀನಿ. ಈಗ ಇವರ ಪುಟ ನೀವೇ ತೆರೀರಿ."

ಅಧಿಕಾರಿ ತೆರೆದರು. ಪರದೆ ಬೆಳ್ಳಗಿತ್ತು. ಮೇಲೆ ಕಂಪನಿಯ ಹೆಸರು. ನಡುವೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: ತೆರೆಯುತ್ತಿದೆ, ದಯವಿಟ್ಟು ಕಾಯಿರಿ.

"ಎಷ್ಟು ಹೊತ್ತು ಕಾಯ್ಬೇಕು?" ಎಂದರು ಅಧಿಕಾರಿ.

"ಯುಗ ಕಳೆದ್ರೂ ಬರಲ್ಲ. ಚೌಕಟ್ಟು ತುಂಬೋರನ್ನ ಹೊರಗೆ ಕಳ್ಸಿದ್ದೀವಲ್ಲ. ತಿರುಗಾಲಿ ಮೊದಲ ಸಲ ಬಂದಾಗ ಕಾಣೋದು ಇಷ್ಟೇ. ಅಲ್ವೇನಪ್ಪ?"

"ಅದೇ, ಅದೇ!" ಪಾಸ್‌ವರ್ಡ್ ಹುರುಪಿನಿಂದ ಮುಂದೆ ಬಾಗಿದ. "ನೋಡಿ ಸಾರ್, ಅವರೇ ಒಪ್ಕೊಂಡ್ರು."

ತಮ್ಮ ಉಗುರು ಕೆರೆಯುವುದನ್ನು ನಿಲ್ಲಿಸಿದ. ಅಕ್ಕನಿಗೆ ದುರ್ಬೀನಮ್ಮನ ಮೇಲೆ ಸಿಟ್ಟು ಉಕ್ಕಿತು. ನಂಬಿ ಬಂದರೆ ಈಕೆ ಎದುರಾಳಿಯ ಕೈಗೆ ಕತ್ತರಿ ಕೊಡುತ್ತಿದ್ದಾಳಲ್ಲ!

"ಮೊದಲ ಸಲ ಅಂದೆ," ಎಂದರು ದುರ್ಬೀನಮ್ಮ ನಿಧಾನವಾಗಿ. "ತಿರುಗಾಲಿ ಇಂಥ ಖಾಲಿ ಚೌಕಟ್ಟು ಕಂಡ್ರೆ ಬಿಟ್ಟುಹೋಗಲ್ಲ. ಸರದಿ ಸಾಲಿಗೆ ಹಾಕ್ತಾನೆ. ಆ ಸಾಲು ಒಂದೊಂದ್ಸಲ ಬೇಗ ಕರಗುತ್ತೆ, ಒಂದೊಂದ್ಸಲ ದಿನಗಟ್ಟಲೆ. ಸರದಿ ಬಂದಾಗ ನಮ್ಮ ಹಾಗೇನೇ ಪುಟ ತೆರೆದು, ಜಾವಾಸ್ಕ್ರಿಪ್ಟ್ ಓಡಿಸಿ, ಎಲ್ಲ ತುಂಬಿದ ಮೇಲೆ ಇನ್ನೊಮ್ಮೆ ಓದ್ತಾನೆ. ಗುಂಡಿ ಒತ್ತಲ್ಲ, ಯಾವುದಕ್ಕೂ ಉತ್ತರ ಕೊಡಲ್ಲ. ಬಂದ, ನೋಡಿದ, ಹೋದ."

"ಓಡಿಸ್ಬೇಕು ಅಂತೇನೂ ಇಲ್ಲ," ಎಂದ ಪಾಸ್‌ವರ್ಡ್. ಹುರುಪು ಒಂದು ಗೇಣು ಕೆಳಗಿಳಿದಿತ್ತು. "ಎಷ್ಟೋ ಸಲ ಓಡ್ಸಲ್ಲ."

"ನಿಜ. ಎಷ್ಟೋ ಸಲ ಓಡ್ಸಲ್ಲ. ಈ ಪುಟಕ್ಕೆ ಓಡಿಸಿದ್ನೋ ಇಲ್ವೋ, ಅಷ್ಟೇ ಪ್ರಶ್ನೆ. ಸಾರ್, ಈಗ ಸರ್ಚಿಗೆ ಹೋಗಿ ಈ ಕಂಪನಿ ಹೆಸರು, ಪಕ್ಕದಲ್ಲಿ ಎಚ್ಚರಿಕೆ ಅಂತ ಹಾಕಿ."

ಇದರ ಸಂಕಟ ಅಕ್ಕನಿಗೆ ಬೆಳಿಗ್ಗೆಯೇ ಗೊತ್ತಾಗಿತ್ತು. ಮೆಟ್ಟಿಲು ಹತ್ತುವಾಗ ದುರ್ಬೀನಮ್ಮ ಹೇಳಿದ್ದರು: "ಸರ್ಚಲ್ಲಿ ನಿನ್ನೆ ಕಂಡ ಸಾಲು ಇನ್ನೂ ಹಾಗೇ ಇದ್ರೆ ನಾವು ಗೆದ್ವಿ ಅಕ್ಕ. ತಿರುಗಾಲಿ ಮತ್ತೆ ಬಂದುಹೋಗಿದ್ರೆ ಹಳೇದನ್ನ ಒರೆಸಿ ಹೊಸದು ಹಾಕಿರ್ತಾನೆ. ಅವನಿಗೆ ನಮ್ಮ ಕಷ್ಟ ಸುಖ ಗೊತ್ತಿಲ್ಲ."

ಅಧಿಕಾರಿ ಟೈಪು ಮಾಡಿದರು. ಮೊದಲು ಬಂದದ್ದು ಕಂಪನಿಯ ಮುಖಪುಟ. ಆಮೇಲೆ ಯಾವುದೋ ಜಾಹೀರಾತು. ಅವರು ಪುಟವನ್ನು ಕೆಳಗೆ ಸರಿಸಿದರು. ಮತ್ತೆ ಸರಿಸಿದರು.

"ಇಲ್ವಲ್ಲಮ್ಮ."

"ಇನ್ನೂ ಕೆಳಗೆ."

ಪಾಸ್‌ವರ್ಡ್ ನೀರಿನ ಲೋಟ ಎತ್ತಿದ, ಕುಡಿಯಲಿಲ್ಲ.

"ಹಾಂ. ಇದೇನೋ ಇದೆ." ಅಧಿಕಾರಿ ಕನ್ನಡಕ ಏರಿಸಿಕೊಂಡು ಓದಿದರು. "ಎಚ್ಚರಿಕೆಗಳ ಪುಟ. ಇಂದು, ಹದಿನೇಳನೇ ತಾರೀಖು. ಸದ್ಯಕ್ಕೆ ಯಾವ ಎಚ್ಚರಿಕೆಯೂ ಇಲ್ಲ."

ಅಕ್ಕ ತಮ್ಮನ ಮೊಣಕೈ ಹಿಡಿದಳು. ಅವನು ಬಾಯಿ ತೆರೆದುಕೊಂಡು ಪರದೆ ನೋಡುತ್ತಿದ್ದ. "ಹೇಳಿದ್ನಲ್ಲಕ್ಕ," ಎಂದ ಪಿಸುಮಾತಿನಲ್ಲಿ. "ಇರ್ಲಿಲ್ಲ ಅಂತ ಹೇಳಿದ್ನಲ್ಲ."

"ಖಾಲಿ ಚೌಕಟ್ಟು ನೋಡಿ ಹೋದೋನು ಏನು ಬರ್ಕೊಂಡು ಹೋಗ್ತಿದ್ದ? ತೆರೆಯುತ್ತಿದೆ, ಕಾಯಿರಿ ಅಂತ," ಎಂದರು ದುರ್ಬೀನಮ್ಮ. "ಇವನು ಬರ್ಕೊಂಡಿರೋದು ಯಾವ ಎಚ್ಚರಿಕೆಯೂ ಇಲ್ಲ ಅಂತ. ಚೌಕಟ್ಟಲ್ಲಿ ಆ ಮಾತಿದ್ಯಾ? ಈಗ ತಾನೇ ನೋಡಿದ್ರಿ, ಇಲ್ಲ. ಜಾವಾಸ್ಕ್ರಿಪ್ಟ್ ಓಡಿ, ಉಗ್ರಾಣಕ್ಕೆ ಹೋಗಿ ಕೇಳಿ, ಅಲ್ಲಿ ಏನೂ ಸಿಗದೆ ವಾಪಸ್ ಬಂದ್ರೆ ಮಾತ್ರ ಆ ಮಾತು ಮೂಡುತ್ತೆ. ಓಡ್ಸಿದ್ದಾನೆ, ಕೇಳಿದ್ದಾನೆ, ಇರ್ಲಿಲ್ಲ."

"ತಾರೀಖು... ಅದರ ಗಡಿಯಾರ ತಪ್ಪಿರಬಹುದು," ಎಂದ ಪಾಸ್‌ವರ್ಡ್.

"ಅದು ಅವನ ಗಡಿಯಾರ ಅಲ್ಲಪ್ಪ. ತಾರೀಖೂ ನಿಮ್ಮ ಉಗ್ರಾಣದಿಂದಲೇ ಬರೋದು, ಎಚ್ಚರಿಕೆ ಜೊತೆಗೇ. ನಮ್ಮ ಸೊಸೆ ನೋಡಿದ್ದಾಳೆ. ನಿಮ್ಮ ಗಡಿಯಾರ ತಪ್ಪು ಅಂದ್ರೆ ಹತ್ತನೇ ತಾರೀಖೂ ತಪ್ಪೇ ಆಗುತ್ತಲ್ಲ, ಹೆಂಗೆ?"

ಪಾಸ್‌ವರ್ಡ್‌ನ ಕೈಯ ಲೋಟ ಮೇಜಿನ ಮೇಲೆ ಕುಳಿತ ಸದ್ದಾಯಿತು. ಅಂಗಿಯ ಕಂಕುಳು ಒದ್ದೆಯಾಗಿತ್ತು. ಅವನು ಬಾಗಿಲ ಕಡೆ ನೋಡಿದ, ಅಧಿಕಾರಿಯ ಕಡೆ ನೋಡಿದ, ಕಡೆಗೆ ಯಾರ ಕಡೆಗೂ ನೋಡದೆ ಮಾತಾಡಿದ.

"ಹೋಗಿತ್ತು."

"ಏನು ಹೋಗಿತ್ತು?" ಅಧಿಕಾರಿಯ ದನಿ ಬದಲಾಗಿತ್ತು.

"ಎಚ್ಚರಿಕೆ ಸಾರ್. ಹದಿನಾರಕ್ಕೆ ಹೋಯ್ತು. ಲಿಫ್ಟ್ ಬಿದ್ದ ದಿನ ನಾನು ವಾಪಸ್ ಹಾಕ್ದೆ. ಹಳೇ ತಾರೀಖಿಟ್ಟು."

ಅಕ್ಕನಿಗೆ ಎದ್ದು ಯಾರನ್ನಾದರೂ ತಬ್ಬಿಕೊಳ್ಳಬೇಕೆನಿಸಿತು. ಅದೂ ಒಂದು ಉಸಿರಿನಷ್ಟು ಹೊತ್ತು ಮಾತ್ರ.

"ಆದ್ರೆ ತೆಗೆದಿದ್ದು ನಾವಲ್ಲ," ಎಂದ ಪಾಸ್‌ವರ್ಡ್. "ಇವನೇ."

ಬೆರಳು ತಮ್ಮನ ಕಡೆಗಿತ್ತು.

"ನಮ್ಮಲ್ಲಿ ಒಂದು ಪದ್ಧತಿ ಸಾರ್. ಎಚ್ಚರಿಕೆ ಹಾಕಿದ ಮೇಲೆ ಆ ಲಿಫ್ಟ್ ನೋಡ್ಕೊಳ್ಳೋ ಮೆಕ್ಯಾನಿಕ್‌ನ ಫೋನು ಕೂಗ್ತಾ ಇರುತ್ತೆ. ಕೆಲಸ ಮುಗಿಸಿ ಅವನು 'ಆಯ್ತು' ಅಂತ ಒತ್ತಬೇಕು. ಒತ್ತೋ ತನಕ ಬಿಟ್ಟು ಬಿಟ್ಟು ಕೂಗ್ತಾನೇ ಇರುತ್ತೆ. ಎಲ್ರೂ ಒತ್ತಿದ ಮೇಲೆ ಎಚ್ಚರಿಕೆ ತಾನಾಗೇ ಪುಟದಿಂದ ಹೋಗುತ್ತೆ. ಆ ಬ್ರೇಕ್ ಇದ್ದಿದ್ದು ಇವನ ಕೈ ಕೆಳಗಿನ ಲಿಫ್ಟಲ್ಲಿ ಮಾತ್ರ. ಇವನೊಬ್ಬ ಒತ್ತಿದ್ರೆ ಮುಗೀತು. ಹದಿನಾರಕ್ಕೆ ಇವನ ಫೋನಿಂದ 'ಆಯ್ತು' ಅಂತ ಬಂದಿದೆ. ಬ್ರೇಕ್ ಮುಟ್ಟಿಯೂ ಇಲ್ಲ, ಆಯ್ತು ಅಂದಿದ್ದಾನೆ."

ಅಧಿಕಾರಿ ತಮ್ಮನ ಕಡೆ ತಿರುಗಿದರು. "ಏನಯ್ಯಾ?"

ತಮ್ಮನ ಮುಖದಲ್ಲಿ ಮೊದಲು ಏನೂ ತಿಳಿಯದ ಗೊಂದಲವಿತ್ತು. ಆಮೇಲೆ ಏನೋ ಹೊಳೆಯಿತು. ಹೊಳೆದದ್ದೇ ತಡ, ಆ ಮುಖ ಮುಚ್ಚಿಕೊಂಡಿತು.

ಅವನು ಅಕ್ಕನ ಕಡೆ ನೋಡಲಿಲ್ಲ. ನೋಡದೆ ಇದ್ದುದೇ ಅಕ್ಕನಿಗೆ ಚುಚ್ಚಿತು.

ಹದಿನಾರು. ತಮ್ಮ ಬೇರೆ ಕಟ್ಟಡದ ಲಿಫ್ಟಿನ ತಳದ ಗುಂಡಿಗೆ ಇಳಿಯುವ ದಿನ. ಗುಂಡಿಯಲ್ಲಿ ನೀರು ನಿಂತಿರುತ್ತದೆ. ಹಿಂದೆ ಒಂದು ಫೋನು ಅದರಲ್ಲಿ ಬಿದ್ದು ಹಾಳಾದ ಮೇಲೆ, ಇಳಿಯುವ ದಿನವೆಲ್ಲ ಫೋನನ್ನು ಅಕ್ಕನ ಹೊಲಿಗೆ ಅಂಗಡಿಯಲ್ಲಿಟ್ಟು ಹೋಗುತ್ತಿದ್ದ. ಅವತ್ತೂ ಇಟ್ಟು ಹೋಗಿದ್ದ. ಮಿಷನ್ನಿನ ಪಕ್ಕದಲ್ಲಿ ಅದು ಕೂಗಿದ್ದೇ ಕೂಗಿದ್ದು. ಮದುವೆಯ ರವಿಕೆಗಳು ಗುಡ್ಡೆ ಬಿದ್ದಿದ್ದವು, ಅವಳಿಗೆ ತಲೆ ಸಿಡಿಯುತ್ತಿತ್ತು.

"ಒತ್ತಿದ್ದು ನಾನೇ ಸಾರ್," ಎಂದ ತಮ್ಮ.

"ಅಯ್ಯೋ..." ಎಂದಳು ಅಕ್ಕ. ಅದು ಯಾರಿಗೂ ಕೇಳಿಸಲಿಲ್ಲ.

"ಬ್ರೇಕ್ ಬದಲಿಸದೇ?"

"ಹೂಂ ಸಾರ್. ಆ ಫೋನ್ ಕೂಗಿ ಕೂಗಿ ಬೇಜಾರಾಗಿ ಒತ್ಬಿಟ್ಟೆ. ತಪ್ಪಾಯ್ತು."

"ಮತ್ತೆ ಆಫೀಸಿನೋರು ತೆಗೆದ್ರು ಅಂದ್ಕೊಂಡೆ ಅಂತ ಇಷ್ಟು ದಿನ ಹೇಳಿದ್ದು?"

"ಸುಳ್ಳು ಸಾರ್."

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. ಬಾಗಿಲ ಆಚೆಯ ಪೊಲೀಸಿನವನು ಒರಗಿದ್ದ ಗೋಡೆ ಬಿಟ್ಟು ನೆಟ್ಟಗೆ ನಿಂತ.

"ಒಂದು ನಿಮಿಷ ಸಾರ್, ಬರೀಬೇಡಿ." ದುರ್ಬೀನಮ್ಮ ಪಾಸ್‌ವರ್ಡ್‌ನ ಕುರ್ಚಿಯ ಕೈಯನ್ನು ಹಿಡಿದು ತಮ್ಮೆದುರಿಗೆ ತಿರುಗಿಸಿಕೊಂಡರು. "ಏನಪ್ಪಾ, ಇವನು ಕೆಲಸ ಮಾಡದೆ ಆಯ್ತು ಅಂದಿದ್ದಾನೆ. ಕಂಪನಿ ಬಚಾವಾಗೋಕೆ ಇದಕ್ಕಿಂತ ಒಳ್ಳೇದು ಇನ್ನೇನು ಬೇಕು? ಮೊದಲ ದಿನವೇ ಸಾಹೇಬರ ಮುಂದಿಟ್ಟಿದ್ರೆ ಕೇಸು ಅವತ್ತೇ ಮುಗೀತಿತ್ತು. ಅದನ್ನ ಬಚ್ಚಿಟ್ಟು, ಹಳೇ ತಾರೀಖು ಹಾಕಿ, ನಿನ್ನ ನೌಕರಿಗೇ ಕುತ್ತು ತರೋ ಸುಳ್ಳು ಯಾಕೆ ಕಟ್ಟಿದ್ರಿ?"

"ನಾನೂ ಅದನ್ನೇ ಕೇಳ್ದೆ." ಪಾಸ್‌ವರ್ಡ್ ಅಳುವ ಹಾಗಿದ್ದ. "ಇದನ್ನೇ ತೋರಿಸೋಣ ಸಾರ್, ನಮ್ಮ ಕಡೆಗೇ ಆಗುತ್ತೆ ಅಂದೆ. ಯಜಮಾನ್ರು ಬೇಡವೇ ಬೇಡ ಅಂದ್ರು. ಹದಿನಾರರ ಸುದ್ದಿ ಯಾರೂ ಎತ್ತಕೂಡದು, ಆ ದಿನದ ಫೋನ್ ಗೀನ್ ಯಾರೂ ನೋಡಕೂಡದು ಅಂದ್ರು."

"ಫೋನ್ ಯಾರೂ ನೋಡಕೂಡದು," ಎಂದು ದುರ್ಬೀನಮ್ಮ ತಮಗೆ ತಾವೇ ಹೇಳಿಕೊಂಡರು.

ಅಕ್ಕನಿಗೆ ಹದಿನಾರರ ಆ ಮಧ್ಯಾಹ್ನ ಇಡಿಯಾಗಿ ಕಣ್ಣೆದುರು ಬಂದು ನಿಂತಿತು. ಕೂಗು ಮಾತ್ರವಲ್ಲ, ಒಂದು ಕರೆಯೂ ಬಂದಿತ್ತು. ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಎತ್ತಿದ್ದಳು. ಅವನಿಲ್ಲ, ಗುಂಡಿಗೆ ಇಳಿದಿದ್ದಾನೆ, ಈ ದರಿದ್ರ ಫೋನು ಬೆಳಗಿನಿಂದ ಪ್ರಾಣ ತಿಂತಿದೆ ಎಂದಿದ್ದಳು. ಆ ಕಡೆಯವರು ಎಷ್ಟು ಮೆತ್ತಗೆ ಮಾತಾಡಿದ್ದರು! ಆಫೀಸಿಂದ ತಾಯೀ, ಅದರ ಕೆಳಗೊಂದು ಹಸಿರು ಗುರುತಿದೆ ನೋಡಿ, ಒಂದ್ಸಲ ಮುಟ್ಟಿಬಿಡಿ, ಸುಮ್ಮನಾಗುತ್ತೆ, ಮಿಕ್ಕಿದ್ದು ನಾವು ನೋಡ್ಕೋತೀವಿ. ಅವಳು ಮುಟ್ಟಿದ್ದಳು. ಫೋನು ಸುಮ್ಮನಾಗಿತ್ತು. ನಿಮಗೆ ಪುಣ್ಯ ಬರಲಿ ಸಾಮಿ ಎಂದು ಹರಸಿಯೂ ಬಿಟ್ಟಿದ್ದಳು. ರವಿಕೆಗಳ ಗಡಿಬಿಡಿಯಲ್ಲಿ ಸಂಜೆ ತಮ್ಮನಿಗೆ ಹೇಳುವುದು ಮರೆತೇ ಹೋಯಿತು.

ಕಾವಲುಗಾರನ ಹೆಂಡತಿ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತದ್ದನ್ನು ಅವಳು ನೋಡಿ ಬಂದಿದ್ದಳು. ಈಗ ಆ ಬೆಂಚು ಅವಳ ಎದೆಯ ಮೇಲೆ ಬಂದು ಕುಳಿತಿತು.

"ಅದು ಯಾರು ಮಾಡಿದ ಕರೆ ಅಂತ ಗೊತ್ತಾ?" ಎಂದು ಅವಳು ಕೇಳಬೇಕಾಗಿತ್ತು. ಕೇಳಿದರೆ ಯಾವ ಕರೆ ಎನ್ನುತ್ತಾರೆ.

ಅಷ್ಟರಲ್ಲಿ ಬಾಗಿಲು ತೆರೆಯಿತು. ಪೊಲೀಸಿನವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಬಿಳಿ ಅಂಗಿಯ, ಎತ್ತರದ, ವಯಸ್ಸಾದ ಮನುಷ್ಯ ಒಳಗೆ ಬಂದರು. ಪಾಸ್‌ವರ್ಡ್ ಎದ್ದು ನಿಂತ ರಭಸಕ್ಕೆ ಕುರ್ಚಿ ಹಿಂದಕ್ಕೆ ಉರುಳಿತು. ಕಂಪನಿಯ ಯಜಮಾನರನ್ನು ಅಕ್ಕ ನೋಡುತ್ತಿದ್ದುದು ಇದೇ ಮೊದಲು.

ಅವರು ಅಧಿಕಾರಿಗೆ ಕೈಮುಗಿದರು. ತಮ್ಮನ ತಗ್ಗಿದ ತಲೆ ನೋಡಿದರು. ಆಮೇಲೆ ಅಕ್ಕನ ಕಡೆ ತಿರುಗಿ, ಬಹಳ ಮೆತ್ತಗೆ, ಹೇಳಿದರು:

"ನಿಮ್ಮ ಸಂಕಟ ನಂಗೆ ಅರ್ಥ ಆಗುತ್ತೆ ತಾಯೀ. ನಿಮ್ಮ ತಮ್ಮ ಒಪ್ಕೊಂಡಿದ್ದು ಹೊರಗೇ ಕೇಳಿಸ್ತು. ನೀವು ಮನೆಗೆ ಹೋಗಿ, ಮಿಕ್ಕಿದ್ದು ನಾವು ನೋಡ್ಕೋತೀವಿ."

ಅದೇ ದನಿ.

ಅಕ್ಕ ಅವರ ಕಣ್ಣೊಳಗೆ ನೋಡಿದಳು. ಈಕೆಗೆ ನೆನಪಿದೆಯೋ ಇಲ್ಲವೋ ಎಂದು ಆ ಕಣ್ಣು ತೂಗುತ್ತಿತ್ತು. ಅವರನ್ನು ಹಿಡಿಸಬೇಕಾದರೆ ಮೊದಲು ಆ ಗುರುತು ಒತ್ತಿದ ತನ್ನ ಹೆಬ್ಬೆರಳನ್ನು ಮುಂದೆ ಮಾಡಬೇಕು. ಮಾಡದಿದ್ದರೆ ತಮ್ಮ ಲಾಕಪ್ಪಿಗೆ.

"ಬನ್ನಿ," ಎಂದ ಪೊಲೀಸಿನವನು, ತಮ್ಮನ ಭುಜ ಮುಟ್ಟಿ.

ತಮ್ಮ ಎದ್ದ. ಎದ್ದವನು ಆಗ ಅಕ್ಕನ ಕಡೆ ನೋಡಿದ. ಬಾಯಿ ಬಿಡಬೇಡ ಎಂದಿತು ಆ ನೋಟ.

"ಅವನಲ್ಲ," ಎಂದಳು ಅಕ್ಕ. "ಅವನ ಫೋನಿದ್ದಿದ್ದು ನನ್ನ ಹತ್ರ. ಒತ್ತಿದ್ದು ನಾನು. ಒತ್ತು ಅಂದಿದ್ದು..."

ಮೇಜಿನ ಮೇಲಿದ್ದ ಅಧಿಕಾರಿಯ ಫೋನು ಮೊಳಗಿತು. ಅವರು ಕೈಯೆತ್ತಿ ಅವಳನ್ನು ತಡೆದು, ಕಿವಿಗಿಟ್ಟುಕೊಂಡು, ಹೂಂ, ಹೂಂ ಎಂದರು. ಫೋನು ಕೆಳಗಿಟ್ಟರು.

"ಆಸ್ಪತ್ರೆಯಿಂದ. ಕಾವಲುಗಾರ ಹೋಗ್ಬಿಟ್ಟ," ಎಂದರು. ಪೆನ್ನು ತೆಗೆದುಕೊಂಡು ಅಕ್ಕನ ಕಡೆ ತಿರುಗಿದರು. "ಈಗ ಇದು ಕೊಲೆಯ ಲೆಕ್ಕಕ್ಕೆ ಬರುತ್ತಮ್ಮ. ಹೇಳಿ. ಒತ್ತಿದ್ದು ಯಾರು ಅಂದ್ರಿ?"